ಎಳ್ಳಮಾಸಿ ದಿನ ಕೇಳಿದ ಸೋರ್ಸ್ ಕೋಡ್

ಎಳ್ಳಮಾಸಿಗೆ ಹೊಲಕ್ಕೆ ಬಾ ಅಂತ ಕರೆದರೆ ನಮ್ಮ ಕಲಬುರಗಿ ಕಡೆ ಯಾರೂ ಇಲ್ಲ ಅನ್ನುವುದಿಲ್ಲ. ಆ ವರ್ಷ ನನ್ನನ್ನು ಕರೆದವರು ತೊಗರಿ ಬೇಳೆ ಮಿಲ್ಲಿನ ಸಾವ್ಕಾರರು. ಅವರ ಹೊಲ ಇರುವುದು ಆಳಂದ ರಸ್ತೆಗೆ. ನಾನು ಮುಟ್ಟುವಷ್ಟರಲ್ಲಿ ಪೂಜೆ ಮುಗಿದು ಚರಗ ಚೆಲ್ಲಿ ಆಗಿತ್ತು. ಬೇವಿನ ಗಿಡದ ನೆರಳಿಗೆ ತಾಡಪತ್ರಿ ಹಾಸಿ ಭಜ್ಜಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಬಡಿಸಿದರು. ಸುತ್ತಲೂ ತೊಗರಿ ಕಾಯಿ ಒಣಗಿ ಗಾಳಿಗೆ ಗಿಲಿಗಿಲಿ ಅನ್ನುತ್ತಿತ್ತು. ಇನ್ನೊಂದು ವಾರಕ್ಕೆ ರಾಶಿ.

ಊಟ ಅರ್ಧ ಆಗಿತ್ತು. ಸಾವ್ಕಾರರ ಮಗಳು ಎದುರಿಗೆ ಬಂದು ಕುಂತಳು. ಇಲ್ಲೇ ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಕೊನೇ ವರ್ಷ ಓದುತ್ತಿದ್ದ ಹುಡುಗಿ.

‘ಕಾಕಾ, ನಮ್ಮ ಗೋದಾಮಿನ್ಯಾಗ ನೀವು ಹಚ್ಚೀರಲ್ಲ ಆ ಡಬ್ಬಿ, ಅದರಾಗ ಲಿನಕ್ಸ್ ಅದ ಹೌದಿಲ್ಲೋ?’

‘ಹೌದವ್ವ, ಅದ.’

‘ಹಂಗಾದ್ರ ಅದರ ಸೋರ್ಸ್ ಕೋಡ್ ನಮಗ ಸಿಗಬೇಕಲ್ರಿ. ಡಬ್ಬಿ ಜೋಡಿ ಬಂದಿಲ್ಲ. ಕಾಗದದಾಗೂ ಅದರ ಮಾತೇ ಇಲ್ಲ.’

ಲಿನಕ್ಸ್ ಅಂದರೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ, ಸೋರ್ಸ್ ಕೋಡ್ ಅಂದರೆ ಮನುಷ್ಯರು ಓದಿ ತಿದ್ದಬಹುದಾದ ಅದರ ಮೂಲ ಬರಹ. ಸಾವ್ಕಾರರಿಗೆ ಲಿನಕ್ಸ್ ಗೊತ್ತಿಲ್ಲ. ಆದರೆ ಮಗಳ ಮಾತಿನ ತಿರುಳು ಅವರಿಗೆ ಕೂಡಲೇ ಹತ್ತಿತು. ‘ರೊಕ್ಕ ಕೊಟ್ಟ ಮ್ಯಾಲ ಡಬ್ಬಿ ನಮ್ದೇ ಅಲ್ಲೇನ್ರಿ? ಒಳಗ ಏನದ ಅಂತ ತೋರಿಸ್ಲಿಕ್ಕಿ ಏನ್ ಅಡ್ಡಿ?’ ಅಂದರು. ಜಗಳದ ದನಿಯಲ್ಲ, ಖರೇನೇ ಕೇಳುತ್ತಿದ್ದರು. ‘ಅಡ್ಡಿ ಏನಿಲ್ರಿ, ಕೊಡ್ತೀನಿ’ ಅಂದೆ. ಹೇಳಿದ ಕ್ಷಣದಲ್ಲೇ ನನಗೆ ಗೊತ್ತಿತ್ತು, ಕೊಡಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಡಬ್ಬಿ ಅಂದರೆ ಏನು ಎಂದು ಮೊದಲು ಹೇಳುತ್ತೇನೆ. ಮಿಲ್ಲುಗಳಲ್ಲಿ, ಗೋದಾಮುಗಳಲ್ಲಿ ತೊಗರಿ ಚೀಲ ನಿಟ್ಟು ಹಚ್ಚಿ ತಿಂಗಳುಗಟ್ಟಲೆ ಇಡುತ್ತಾರೆ. ನಿಟ್ಟಿನ ನಡುವೆ ತೇವ ಏರಿದರೆ, ಬಿಸಿ ಹೆಚ್ಚಾದರೆ ಹುಳ ಬೀಳುತ್ತದೆ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ, ಚೀಲ ಬಿಚ್ಚುವಷ್ಟರಲ್ಲಿ ನಷ್ಟ ಆಗಿರುತ್ತದೆ. ನಾವು ಮೂರು ಜನ ಗೆಳೆಯರು ಸೇರಿ ಮಾಡಿದ ಯಂತ್ರ ನಿಟ್ಟಿನೊಳಗೆ ಇಳಿಬಿಟ್ಟ ಸೆನ್ಸರುಗಳಿಂದ ಒಂದೇ ಕೇಬಲ್ಲಿನ ಮೇಲೆ ತೇವ, ತಾಪಮಾನ ಓದಿಕೊಂಡು, ಮೊಬೈಲ್ ಸಿಮ್ ಮೂಲಕ ಸಾವ್ಕಾರರ ಫೋನಿಗೆ ಸುದ್ದಿ ಕಳಿಸುತ್ತದೆ. ಒಳಗೆ ಆರ್ಮ್ ಎಂಬ ಬಗೆಯ ಪ್ರೊಸೆಸರ್ ಇರುವ ಒಂದು ಸಣ್ಣ ಕಂಪ್ಯೂಟರ್ ಬೋರ್ಡು. ಅದರ ಮೇಲೆ ಬೋರ್ಡನ್ನು ಎಬ್ಬಿಸುವ ಯು-ಬೂಟ್, ಲಿನಕ್ಸಿನ ತಿರುಳಾದ ಲಿನಕ್ಸ್ ಕರ್ನಲ್, ಸಣ್ಣಪುಟ್ಟ ಉಪಕರಣಗಳ ಕಟ್ಟಾದ ಬ್ಯುಸಿಬಾಕ್ಸ್, ಇವೆಲ್ಲದರ ಮೇಲೆ ನಾವು ಬರೆದ ಒಂದು ಪ್ರೋಗ್ರಾಂ. ಕಲಬುರಗಿ, ಬೀದರ, ಯಾದಗಿರಿ ಮೂರೂ ಜಿಲ್ಲೆ ಸೇರಿ ಆಗ ನಲವತ್ತರ ಹತ್ತಿರ ಡಬ್ಬಿ ಮಾರಿದ್ದೆವು.

ನಾವು ಬರೆದದ್ದು ಅದರಲ್ಲಿ ಎಷ್ಟು? ಲಿನಕ್ಸ್ ಕರ್ನಲ್ ಕೋಟಿಗಟ್ಟಲೆ ಸಾಲಿನದು. ನಮ್ಮ ಪ್ರೋಗ್ರಾಂ ಒಂಬತ್ತು ಸಾವಿರ ಸಾಲು. ಉಳಿದದ್ದೆಲ್ಲ ನಾವು ಎಂದೂ ನೋಡದ, ಹೆಸರೂ ಕೇಳದ ಜನ ಬರೆದು, ಇಂತಿಂಥ ಷರತ್ತಿಗೆ ಒಪ್ಪಿದರೆ ತೊಗೊಳ್ರಿ ಎಂದು ಕೊಟ್ಟದ್ದು. ಆ ಷರತ್ತನ್ನು ನಾವು ಓದಿರಲಿಲ್ಲ. ಪುಕ್ಕಟೆ ಸಿಗುತ್ತದೆ ಅಂತ ಮಾತ್ರ ಗೊತ್ತಿತ್ತು.

ಹಬ್ಬದ ಮರುದಿನ ಮಿಲ್ಲಿಗೆ ಹೋದೆ. ಹುಡುಗಿ ಡಬ್ಬಿಯ ಮುಚ್ಚಳ ತೆಗೆದು, ಬೋರ್ಡಿನ ಅಂಚಿನಲ್ಲಿರುವ ಮೂರು ಪಿನ್ನಿಗೆ ಮೂರು ವೈರು ಸಿಕ್ಕಿಸಿ, ಇನ್ನೊಂದು ತುದಿಯನ್ನು ಲ್ಯಾಪ್‌ಟಾಪಿನ ಯುಎಸ್‌ಬಿಗೆ ಹಾಕಿದ್ದಳು. ಪವರ್ ಕೊಟ್ಟ ಕೂಡಲೇ ಪರದೆ ಮೇಲೆ ಸಾಲು ಸಾಲಾಗಿ ಅಕ್ಷರ ಉರುಳಿದವು. ಮೊದಲು ಯು-ಬೂಟಿನ ಹೆಸರು, ಆಮೇಲೆ ಲಿನಕ್ಸ್ ಯಾವ ಆವೃತ್ತಿ ಎಂಬ ಸಾಲು. ಆ ಸಾಲಿನಲ್ಲಿ ಆವೃತ್ತಿಯ ಪಕ್ಕ ಕರ್ನಲ್ ಕಂಪೈಲ್ ಮಾಡಿದವರ (ಸೋರ್ಸನ್ನು ಯಂತ್ರ ಓಡಿಸುವ ರೂಪಕ್ಕೆ ತಿರುಗಿಸಿದವರ) ಹೆಸರು, ಅವರ ಕಂಪ್ಯೂಟರಿನ ಹೆಸರು, ಯಾವ ಕಂಪೈಲರ್, ಯಾವ ದಿನ ಎಲ್ಲ ಇರುತ್ತದೆ. ಅಲ್ಲಿ ಇದ್ದದ್ದು ಒಂದೂವರೆ ವರ್ಷದ ಹಿಂದೆ ನಮ್ಮನ್ನು ಬಿಟ್ಟು ಹೈದರಾಬಾದಿಗೆ ಹೋದ ಹುಡುಗನ ಹೆಸರು. ಅವನ ಲ್ಯಾಪ್‌ಟಾಪ್ ಅವನ ಜೊತೆ ಹೋಗಿತ್ತು. ನಲವತ್ತು ಗೋದಾಮುಗಳಲ್ಲಿ ಕರೆಂಟ್ ಬಂದಾಗಲೆಲ್ಲ ಅವನ ಹೆಸರು ಹೀಗೆ ಮೂಡಿ ಮರೆಯಾಗುತ್ತಿತ್ತು.

ಇನ್ನೂ ಕೆಳಗೆ ಒಂದು ಸಾಲು. ವೈಫೈ ಚಿಪ್ಪನ್ನು ನಡೆಸುವ ಡ್ರೈವರ್ ಲೋಡ್ ಆದ ಕೂಡಲೇ ಕರ್ನಲ್ ತಾನಾಗಿಯೇ ಬರೆದಿತ್ತು: ಈ ಮಾಡ್ಯೂಲಿನ (ಕರ್ನಲ್ಲಿಗೆ ಜೋಡಿಸುವ ತುಂಡಿನ) ಲೈಸೆನ್ಸ್ ಖಾಸಗಿ, ಇದರಿಂದ ಕರ್ನಲ್‌ಗೆ ಕಲೆ ಹತ್ತಿದೆ ಎಂಬ ಅರ್ಥದ ಎಚ್ಚರಿಕೆ. ಹುಡುಗಿ ಅದರ ಮೇಲೆ ಬೆರಳಿಟ್ಟು ‘ಇದು ಯಾರು ಕೊಟ್ಟಾರ್ರಿ ಕಾಕಾ?’ ಅಂತ ಕೇಳಿದಳು. ನಮಗೆ ಬೋರ್ಡ್ ಮಾರಿದ ಕಂಪನಿ ಕೊಟ್ಟದ್ದು. ಅದರ ಸೋರ್ಸ್ ನಾವೂ ಕಂಡಿರಲಿಲ್ಲ.

ಆ ರಾತ್ರಿ, ನಾವು ಓದದೇ ಬಿಟ್ಟ ಆ ಷರತ್ತುಗಳ ಪತ್ರವಾದ ಜಿಪಿಎಲ್ (ಜನರಲ್ ಪಬ್ಲಿಕ್ ಲೈಸೆನ್ಸ್) ಲೈಸೆನ್ಸನ್ನು ಮೊದಲ ಸಲ ಪೂರ್ತಿ ಓದಿದೆ. 1991ರ ಎರಡನೇ ಆವೃತ್ತಿ, ಲಿನಕ್ಸ್ ಕರ್ನಲ್ ಇವತ್ತಿಗೂ ಅದರ ಅಡಿಯಲ್ಲೇ ಇದೆ. ಬ್ಯುಸಿಬಾಕ್ಸಿನದೂ ಅದೇ. ಅದರ ಮೂರನೇ ಕಲಮು ನಮ್ಮಂಥವರ ಸಲುವಾಗಿಯೇ ಬರೆದಂತಿದೆ. ಕಂಪೈಲ್ ಆದ ರೂಪದಲ್ಲಿ ಯಾರಿಗಾದರೂ ಕೊಟ್ಟರೆ, ಸೋರ್ಸನ್ನು ಜೊತೆಗೇ ಕೊಡಬೇಕು. ಇಲ್ಲವೇ ಕನಿಷ್ಠ ಮೂರು ವರ್ಷ ಯಾರು ಕೇಳಿದರೂ ಪ್ರತಿ ತೆಗೆದು ಕಳಿಸುವ ಖರ್ಚಿಗೆ ಮೀರದಂತೆ ಕೊಡುತ್ತೇವೆ ಎಂದು ಬರವಣಿಗೆಯಲ್ಲಿ ಮಾತು ಕೊಡಬೇಕು. ಸೋರ್ಸ್ ಅಂದರೆ ಏನು ಎಂದೂ ಅಲ್ಲೇ ಹೇಳಿದೆ: ಎಲ್ಲ ಭಾಗಗಳ ಕೋಡ್, ಅದರ ಜೊತೆಗೆ ಕಂಪೈಲ್ ಮಾಡುವುದಕ್ಕೂ ಇನ್‌ಸ್ಟಾಲ್ ಮಾಡುವುದಕ್ಕೂ ಬಳಸಿದ ಸ್ಕ್ರಿಪ್ಟುಗಳು. ನಾಲ್ಕನೇ ಕಲಮು ಇನ್ನೂ ನೇರ. ಷರತ್ತು ಮುರಿದರೆ ನಿಮ್ಮ ಹಕ್ಕು ತಾನಾಗಿಯೇ ರದ್ದು.

ಅಂದರೆ ನಮಗೆ ನಲವತ್ತು ಡಬ್ಬಿ ಮಾರುವ ಹಕ್ಕೇ ಇರಲಿಲ್ಲ. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆ ಕಂಪ್ಯೂಟರ್ ಪ್ರೋಗ್ರಾಮನ್ನೂ ಸಾಹಿತ್ಯ ಕೃತಿಯ ವ್ಯಾಖ್ಯೆಯೊಳಗೇ ಸೇರಿಸಿಕೊಂಡಿದೆ. ಬರೆದವರ ಅನುಮತಿ ಇಲ್ಲದೆ ಪ್ರತಿ ಮಾಡಿ ಮಾರುವಂತಿಲ್ಲ. ಆ ಅನುಮತಿ ನಮಗೆ ಸಿಗುವ ದಾರಿ ಈ ಲೈಸೆನ್ಸ್ ಒಂದೇ. ಅದು ಹೋದರೆ ಬೇರೆ ಆಸರೆ ಇಲ್ಲ. ಬೆಳಿಗ್ಗೆ ಗೆಳೆಯರಿಬ್ಬರನ್ನೂ ಕೂರಿಸಿಕೊಂಡು ಹೇಳಿದೆ, ಸರಿಯಾಗುವ ತನಕ ಹೊಸ ಡಬ್ಬಿ ಹೊರಗೆ ಹೋಗಬಾರದು. ರಾಶಿ ಕಾಲ, ವರ್ಷದ ಮುಕ್ಕಾಲು ವ್ಯಾಪಾರ ಆಗುವ ಎರಡು ತಿಂಗಳು. ಅವರು ಒಪ್ಪಿದರು. ಆ ಒಪ್ಪಿಗೆಗೆ ಅವರಿಬ್ಬರಿಗೂ ನಾನು ಋಣಿ.

ಮೊದಲ ಕೆಲಸ, ಮಾರಿದ ಡಬ್ಬಿಯೊಳಗೆ ಇರುವುದನ್ನು ನಮ್ಮ ಕೈಯಿಂದ ಮತ್ತೊಮ್ಮೆ ಕಟ್ಟಲು ಆಗುತ್ತದೆಯೇ ಎಂದು ನೋಡುವುದು. ಎಂಬೆಡೆಡ್, ಅಂದರೆ ಯಂತ್ರದೊಳಗೆ ಕಂಪ್ಯೂಟರ್ ಕೂರಿಸುವ ಲೋಕದಲ್ಲಿ ಲೈಸೆನ್ಸಿನ ಎಲ್ಲ ತೊಂದರೆಯ ಬೇರು ಇಲ್ಲೇ ಇದೆ ಎಂದು ಈಗ ನನಗೆ ಖಾತ್ರಿಯಾಗಿದೆ. ಸೋರ್ಸ್ ಮುಚ್ಚಿಡಬೇಕೆಂಬ ಆಸೆಯಿಂದ ಮುಚ್ಚಿಡುವವರು ಕಡಿಮೆ. ಹೆಚ್ಚಿನವರ ಬಳಿ ಕೊಡಲು ಇರುವುದೇ ಇಲ್ಲ.

ನಮ್ಮ ಹಾರ್ಡ್ ಡಿಸ್ಕಿನಲ್ಲಿ ಬಿಲ್ಡ್‌ರೂಟಿನ ಒಂದು ಫೋಲ್ಡರ್ ಇತ್ತು. ಡಬ್ಬಿಗೆ ಹಾಕುವ ತಂತ್ರಾಂಶವನ್ನೆಲ್ಲ ಸೇರಿಸಿ ಇಮೇಜ್ ಎಂಬ ಒಂದೇ ಕಟ್ಟು ಮಾಡಿಕೊಡುವ ಉಪಕರಣ ಅದು. ಅದರಿಂದ ಇಮೇಜ್ ಕಟ್ಟಿದರೆ ಬೋರ್ಡು ಏಳಲೇ ಇಲ್ಲ. ಕರ್ನಲ್ಲಿನಲ್ಲಿ ಏನೇನು ಸೇರಬೇಕು ಎಂದು ಬರೆದಿಡುವ ಕಾನ್ಫಿಗರೇಶನ್ ಕಡತ ಬೇರೆ ಯಾವುದೋ ಹಳೆಯದು. ಸರಿಯಾದದ್ದು ಸಿಕ್ಕಿದ್ದು ಎಲ್ಲಿ ಅಂದರೆ ಮಾರಿದ ಡಬ್ಬಿಯಲ್ಲೇ. ಕರ್ನಲ್ ತನ್ನ ಕಾನ್ಫಿಗರೇಶನ್ನನ್ನು ತನ್ನೊಳಗೇ ಇಟ್ಟುಕೊಳ್ಳುವ ಒಂದು ಆಯ್ಕೆ ಇದೆ. ಆ ಹುಡುಗ ಅದನ್ನು ಆನ್ ಮಾಡಿದ್ದ, ಪುಣ್ಯ. ಸಾವ್ಕಾರರ ಗೋದಾಮಿನಲ್ಲಿ ಚೀಲದ ಮೇಲೆ ಕೂತು, ಓಡುತ್ತಿರುವ ಡಬ್ಬಿಯೊಳಗಿಂದ ನಮ್ಮದೇ ಕಾನ್ಫಿಗರೇಶನ್ನನ್ನು ನಾನು ಹೊರಗೆ ತೆಗೆದುಕೊಂಡೆ.

ಈಗ ಬೋರ್ಡು ಎದ್ದಿತು, ಆದರೆ ಸಿಮ್ಮಿನ ಮೋಡೆಮ್ ಏಳಲಿಲ್ಲ. ಎಂಟು ದಿನ ಹೋಯಿತು. ಬೋರ್ಡಿನಲ್ಲಿ ಯಾವ ಭಾಗ ಯಾವ ಪಿನ್ನಿಗಿದೆ ಎಂದು ಕರ್ನಲ್ಲಿಗೆ ಹೇಳುವ ಕಡತಕ್ಕೆ ಡಿವೈಸ್ ಟ್ರೀ ಎನ್ನುತ್ತಾರೆ. ಕೊನೆಗೆ ಡಬ್ಬಿಯಲ್ಲಿದ್ದ ಡಿವೈಸ್ ಟ್ರೀಯ ಬೈನರಿಯನ್ನು ಓದುವ ರೂಪಕ್ಕೆ ತಿರುಗಿಸಿ, ನಮ್ಮ ಫೋಲ್ಡರಿನಲ್ಲಿ ಇದ್ದದ್ದರ ಪಕ್ಕ ಇಟ್ಟು ಸಾಲು ಸಾಲು ಹೋಲಿಸಿದೆವು. ಮೋಡೆಮ್ಮಿಗೆ ಪವರ್ ಕೊಡುವ ಪಿನ್ನಿನ ಸಂಖ್ಯೆ ಒಂದೇ ಒಂದು ಅಂಕಿ ಬೇರೆ ಇತ್ತು. ಹುಡುಗ ಅದನ್ನು ತನ್ನ ಲ್ಯಾಪ್‌ಟಾಪಿನಲ್ಲಿ ಕೈಯಿಂದ ತಿದ್ದಿ, ಕಂಪೈಲ್ ಮಾಡಿ, ಡಬ್ಬಿಗೆ ಹಾಕಿದ್ದ. ಕೋಡಿನ ಬದಲಾವಣೆ ದಾಖಲಿಸುವ ನಮ್ಮ ಗಿಟ್‌ನಲ್ಲಿ ಅದು ಎಂದೂ ಸೇರಲಿಲ್ಲ. ತಪ್ಪು ಅವನದಲ್ಲ. ಸಂಜೆ ಏಳಕ್ಕೆ ಡಬ್ಬಿ ಬಸ್ಸಿಗೆ ಹಾಕಬೇಕು ಎಂದು ತಲೆ ಮೇಲೆ ನಿಂತವನು ನಾನು.

ಇಂಥವು ಒಟ್ಟು ಹದಿನಾಲ್ಕು ಸಿಕ್ಕವು. ಎಲ್ಲ ಸೇರಿ ಮೂರು ವಾರ.

ವೈಫೈ ಡ್ರೈವರಿನದು ಬೇರೆ ಕಥೆ. ಬೋರ್ಡ್ ಕಂಪನಿಗೆ ಬರೆದೆವು. ಸೋರ್ಸ್ ತಮ್ಮ ಬಳಿಯೂ ಇಲ್ಲ, ಚಿಪ್ ಮಾಡಿದವರ ಜೊತೆ ಗೋಪ್ಯತೆಯ ಕರಾರು ಇದೆ ಎಂದರು. ಎರಡನೇ ಪತ್ರಕ್ಕೆ ಉತ್ತರ ಬರಲಿಲ್ಲ. ಮುಚ್ಚಿದ ಮಾಡ್ಯೂಲನ್ನು ಕರ್ನಲ್ಲಿಗೆ ಜೋಡಿಸಿ ಹಂಚುವುದು ಜಿಪಿಎಲ್ಲಿಗೆ ವಿರುದ್ಧ ಎಂದು ಕರ್ನಲ್ ಬರೆಯುವವರಲ್ಲಿ ಎಷ್ಟೋ ಜನ ಹೇಳುತ್ತಾರೆ. ಅಲ್ಲ ಎನ್ನುವವರೂ ಇದ್ದಾರೆ. ನಾನು ಆ ವಾದಕ್ಕೆ ಹೋಗಲಿಲ್ಲ. ನನಗೆ ಒಂದೇ ಮಾತು ಮುಖ್ಯವಾಗಿತ್ತು, ಮಿಲ್ಲಿನವರಿಗೆ ಕೈಗೆ ಕೊಡುತ್ತಿರುವವನು ನಾನು. ಮೇಲಿನವರು ನನಗೆ ಕೊಡಲಿಲ್ಲ ಎಂಬ ಕಾರಣ ನನ್ನ ಜವಾಬ್ದಾರಿಯನ್ನು ಇಳಿಸುವುದಿಲ್ಲ. ಡ್ರೈವರಿನ ಸೋರ್ಸ್ ಕರ್ನಲ್ಲಿನ ಮುಖ್ಯ ಕೋಡಿನಲ್ಲೇ ಇರುವ ಬೇರೆ ಚಿಪ್ ಹಾಕಿದೆವು. ಡಬ್ಬಿಗೆ ನೂರ ನಲವತ್ತು ರೂಪಾಯಿ ಹೆಚ್ಚು ಬಿತ್ತು. ಈಗ ಹೊಸ ಬೋರ್ಡ್ ಕೊಳ್ಳುವ ಮೊದಲು ಬೆಲೆ ಕೇಳುವುದಕ್ಕಿಂತ ಮುಂಚೆ ಸೋರ್ಸ್ ಕೇಳುತ್ತೇವೆ. ಕೊಟ್ಟರೆ ನಮ್ಮ ಮೇಜಿನ ಮೇಲೆ ಕಟ್ಟಿ ನೋಡಿ ಆಮೇಲೆ ಆರ್ಡರ್.

ಇದು ನಮ್ಮಂಥ ಸಣ್ಣವರಿಗಷ್ಟೇ ಬಂದ ಪಾಡಲ್ಲ. ಲಿಂಕ್‌ಸಿಸ್ ಎಂಬ ಕಂಪನಿಯ ಡಬ್ಲ್ಯುಆರ್‌ಟಿ54ಜಿ ಎಂಬ ವೈಫೈ ರೂಟರ್ 2002ರ ಕೊನೆಗೆ ಮಾರುಕಟ್ಟೆಗೆ ಬಂತು. ಒಳಗೆ ಲಿನಕ್ಸ್ ಇತ್ತು, ಸೋರ್ಸ್ ಇರಲಿಲ್ಲ. ಆ ಕಂಪನಿಯನ್ನು ಸಿಸ್ಕೊ ಕೊಂಡ 2003ರಲ್ಲೇ ಜನ ಇದನ್ನು ಪತ್ತೆ ಹಚ್ಚಿ ಕೇಳತೊಡಗಿದರು. ಆ ಕೋಡ್ ಲಿಂಕ್‌ಸಿಸ್‌ಗೆ ಬಂದದ್ದು ಚಿಪ್ ಕೊಟ್ಟ ಬ್ರಾಡ್‌ಕಾಮ್ ಕಡೆಯಿಂದ. ಮೇಲಿನಿಂದ ಹರಿದು ಬಂದ ತೊಡಕು ಕೊನೆಗೆ ಡಬ್ಬಿಯ ಮೇಲೆ ಹೆಸರಿದ್ದವರ ಕೊರಳಿಗೆ ಬಿತ್ತು. ಅದೇ ವರ್ಷ ಸೋರ್ಸ್ ಹೊರಬಂತು. 2004ರಲ್ಲಿ ಅದರ ಮೇಲೆ ರೂಟರುಗಳಿಗೆ ಹಾಕುವ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ ಶುರುವಾಯಿತು. ಇವತ್ತು ಲೋಕದ ಎಷ್ಟೋ ರೂಟರುಗಳು ಅದರ ಮೇಲೆ ನಡೆಯುತ್ತವೆ. ಒಂದು ಡಬ್ಬಿಯ ಸೋರ್ಸ್ ಕೇಳಿದ್ದರಿಂದ ಹುಟ್ಟಿದ ಮರ ಅದು.

ಕೋರ್ಟಿಗೂ ಹೋಗಿವೆ. ಲಿನಕ್ಸಿನ ಫೈರ್‌ವಾಲ್ ಕೋಡ್ ಬರೆದವರಲ್ಲಿ ಒಬ್ಬರಾದ ಹೆರಾಲ್ಡ್ ವೆಲ್ಟೆ 2004ರಲ್ಲಿ ಮ್ಯೂನಿಕ್ ನ್ಯಾಯಾಲಯದಿಂದ ಒಂದು ರೂಟರ್ ಕಂಪನಿಯ ಮೇಲೆ ತಡೆಯಾಜ್ಞೆ ತಂದರು. ಅಮೆರಿಕದಲ್ಲಿ 2007ರಲ್ಲಿ ಬ್ಯುಸಿಬಾಕ್ಸ್ ಬರೆದವರು ದಾವೆ ಹೂಡಿದರು. ಆದರೆ ನನ್ನ ಮನಸ್ಸಿನಲ್ಲಿ ಉಳಿದದ್ದು 2021ರದು. ವಿಜಿಯೊ ಟಿವಿ ಕಂಪನಿಯ ಮೇಲೆ ಸಾಫ್ಟ್‌ವೇರ್ ಫ್ರೀಡಂ ಕನ್ಸರ್ವೆನ್ಸಿ ಎಂಬ ಸಂಸ್ಥೆ ಕ್ಯಾಲಿಫೋರ್ನಿಯಾದಲ್ಲಿ ಹೂಡಿದ ದಾವೆ. ಅದರಲ್ಲಿ ಅವರು ಕೋಡ್ ಬರೆದವರಾಗಿ ಹೋಗಲಿಲ್ಲ, ಟಿವಿ ಕೊಂಡವರಾಗಿ ಹೋದರು. ಕೊಂಡವರಿಗೂ ಸೋರ್ಸ್ ಕೇಳುವ ಹಕ್ಕಿದೆ ಎಂಬುದು ಅವರ ವಾದ. ಅದನ್ನು ಓದುವಾಗ ಹೊಲದಲ್ಲಿ ಸಾವ್ಕಾರರು ಅಂದ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಿಡಿಸಬೇಕು, ನನಗೂ ಇತ್ತು. ಓಪನ್ ಸೋರ್ಸ್ ಬಳಸಿದರೆ ತಿದ್ದಿದ್ದನ್ನೆಲ್ಲ ಮೂಲ ಬರೆದವರಿಗೆ ಮರಳಿಸಬೇಕು ಎಂದುಕೊಂಡಿದ್ದೆ. ಜಿಪಿಎಲ್ ಹಾಗೆ ಕೇಳುವುದೇ ಇಲ್ಲ. ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಅಂತ ಇದೆಯಲ್ಲ, ಇವತ್ತು ನೀವು ನಮ್ಮ ಹೊಲಕ್ಕೆ ದುಡಿಯಲು ಬಂದರೆ ನಾಳೆ ನಾವು ನಿಮ್ಮ ಹೊಲಕ್ಕೆ. ಅಲ್ಲಿ ಮುಯ್ಯಿ ತೀರುವುದು ಬಂದವರ ಮನೆಗೇ. ಇಲ್ಲಿ ಮುಯ್ಯಿ ಹಿಂದಕ್ಕೆ ಹೋಗುವುದಿಲ್ಲ, ಮುಂದಕ್ಕೆ ಹೋಗುತ್ತದೆ. ಫಿನ್‌ಲ್ಯಾಂಡಿನಲ್ಲಿ ಹುಟ್ಟಿದ ಕರ್ನಲ್ಲಿನ ಋಣವನ್ನು ನಾನು ತೀರಿಸಬೇಕಾದದ್ದು ಆಳಂದ ರಸ್ತೆಯ ಸಾವ್ಕಾರರಿಗೆ. ನನಗೆ ಸಿಕ್ಕ ಸ್ವಾತಂತ್ರ್ಯ ಅವರಿಗೂ ಅಷ್ಟೇ ಪೂರ್ತಿಯಾಗಿ ಸಿಗಬೇಕು, ಅವರು ಅದನ್ನು ಬಳಸಲಿ ಬಿಡಲಿ.

ನಮ್ಮ ಪಾಲುದಾರನ ಹೆದರಿಕೆ ಬೇರೆ ಇತ್ತು. ‘ಅಲಾರಂ ಲೆಕ್ಕ ನಾವು ಎರಡು ವರ್ಷ ಗೋದಾಮು ತಿರುಗಿ ಕಟ್ಟಿದ್ದು. ಅದೂ ಕೊಡ್ಬೇಕೇನ?’ ಕೊಡಬೇಕಿಲ್ಲ. ಕರ್ನಲ್ಲಿನ ಲೈಸೆನ್ಸ್ ಜೊತೆಗೇ ಒಂದು ಟಿಪ್ಪಣಿ ಇದೆ, ಸಿಸ್ಟಂ ಕಾಲ್ (ಕರ್ನಲ್ಲಿಗೆ ಕೆಲಸ ಹೇಳುವ ಗೊತ್ತಾದ ದಾರಿ) ಮೂಲಕ ಕರ್ನಲ್ಲಿನ ಸೇವೆ ಬಳಸುವ ಸಾಮಾನ್ಯ ಪ್ರೋಗ್ರಾಮುಗಳಿಗೆ ಈ ಷರತ್ತು ತಾಗುವುದಿಲ್ಲ ಎಂದು. ನಮ್ಮ ಪ್ರೋಗ್ರಾಂ ಅಂಥದ್ದು. ಆದರೆ ಅದರೊಳಗೆ ಒಂದು ಗಂಟು ಇತ್ತು. ಸೆನ್ಸರ್ ಓದಲು ಲಿಬ್‌ಮಾಡ್‌ಬಸ್ ಎಂಬ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡು) ಬಳಸಿದ್ದೆವು. ಅದು ಜಿಪಿಎಲ್ಲಿನ ಸಡಿಲ ರೂಪವಾದ ಎಲ್‌ಜಿಪಿಎಲ್ 2.1ರ ಅಡಿಯದು. ಜಾಗ ಉಳಿಯಲಿ ಎಂದು ಅದನ್ನು ಸ್ಟ್ಯಾಟಿಕ್ ಆಗಿ ನಮ್ಮ ಪ್ರೋಗ್ರಾಮಿನ ಹೊಟ್ಟೆಯೊಳಗೇ ಲಿಂಕ್ ಮಾಡಿಬಿಟ್ಟಿದ್ದೆವು. ಎಲ್‌ಜಿಪಿಎಲ್ ನಿಮ್ಮ ಕೋಡ್ ಮುಚ್ಚಿಡಲು ಬಿಡುತ್ತದೆ, ಆದರೆ ಕೊಂಡವರು ಆ ಲೈಬ್ರರಿಯನ್ನು ತಿದ್ದಿ, ಅದರ ಹೊಸ ಪ್ರತಿಯ ಜೊತೆ ನಿಮ್ಮ ಪ್ರೋಗ್ರಾಮನ್ನು ನಡೆಸಲು ಆಗಬೇಕು ಎನ್ನುತ್ತದೆ. ಹಾಗೆ ಹೊಟ್ಟೆಯೊಳಗೆ ಹೊಲಿದುಬಿಟ್ಟರೆ ಅದು ಆಗುವುದಿಲ್ಲ. ನಿಮ್ಮ ಆಬ್ಜೆಕ್ಟ್ ಕಡತಗಳನ್ನಾದರೂ (ಕಂಪೈಲ್ ಆಗಿ ಇನ್ನೂ ಜೋಡಿಸದ ತುಂಡುಗಳನ್ನಾದರೂ) ಕೊಡಬೇಕು, ಇಲ್ಲವೇ ಲೈಬ್ರರಿಯನ್ನು ಬೇರೆ ಕಡತವಾಗಿ ಇಟ್ಟು ಓಡುವಾಗ ಜೋಡಿಸಬೇಕು. ನಾವು ಎರಡನೆಯದನ್ನು ಮಾಡಿದೆವು. ಕಟ್ಟುವ ಕ್ರಮ ಬರೆದಿಡುವ ಮೇಕ್‌ಫೈಲಿನಲ್ಲಿ ಒಂದು ಸಾಲಿನ ಬದಲಾವಣೆ ಅಷ್ಟೇ. ಆ ಒಂದು ಸಾಲಿನ ಮೇಲೆ ಎರಡು ವರ್ಷ ನಿಂತಿದ್ದೆವು.

ಹೆಚ್ಚು ಷರತ್ತಿಲ್ಲದ ಎಂಐಟಿ, ಬಿಎಸ್‌ಡಿ ಲೈಸೆನ್ಸುಗಳ ಬಗ್ಗೆ ಏನೂ ಮಾಡಬೇಕಿಲ್ಲ ಎಂಬ ಮಾತು ನಮ್ಮ ಹುಡುಗರ ಬಾಯಲ್ಲಿ ಈಗಲೂ ಕೇಳುತ್ತೇನೆ. ಮಾಡಬೇಕು. ಬರೆದವರ ಹೆಸರು, ಕೃತಿಸ್ವಾಮ್ಯದ ಸಾಲು, ಲೈಸೆನ್ಸಿನ ಪಠ್ಯ ಡಬ್ಬಿಯ ಜೊತೆ ಹೋಗಬೇಕು. ಕೇಳುವುದು ಅಷ್ಟೇ, ಅದನ್ನೂ ಬಿಟ್ಟರೆ ಹೇಗೆ?

ಸಾವ್ಕಾರರಿಗೆ ಇದನ್ನೆಲ್ಲ ಬಿಡಿಸಿ ಹೇಳುವಾಗ ನನಗೆ ನೆರವಾದದ್ದು ಅವರ ಮಿಲ್ಲೇ. ಪ್ರತಿ ಚೀಲದ ಮೇಲೆ ಲಾಟ್ ನಂಬರ್ ಇರುತ್ತದೆ. ಯಾವ ರೈತರ ಮಾಲು, ಯಾವ ದಿನ ಬಂತು, ಎಂದು ರೋಲರಿಗೆ ಹೋಯಿತು, ಎಂದು ಎಣ್ಣೆ ಹಚ್ಚಿ ಒಣಗಿಸಿದರು, ಎಲ್ಲ ಅವರ ಮುನೀಮರ ಪುಸ್ತಕದಲ್ಲಿ ಇದೆ. 2019ರಲ್ಲಿ ನಮ್ಮ ತೊಗರಿ ಬೇಳೆಗೆ ಭೌಗೋಳಿಕ ಸೂಚಿ ಮಾನ್ಯತೆ ಬಂದ ಮೇಲೆ ಅವರು ಈ ಪುಸ್ತಕದ ವಿಷಯದಲ್ಲಿ ಇನ್ನೂ ಕಟ್ಟುನಿಟ್ಟು. ಎಲ್ಲಿಂದಲೋ ಬಂದ ಬೇಳೆ ಕಲಬುರಗಿ ಹೆಸರಿನಲ್ಲಿ ಹೋಗಬಾರದು ಎನ್ನುತ್ತಾರೆ. ‘ನಿಮ್ಮ ಡಬ್ಬಿಗೂ ಇಂಥಾ ಪುಸ್ತಕ ಬೇಕಲ್ರಿ ಹಂಗಾದ್ರ’ ಅಂದರು. ಹೌದು, ಅದೇ ಬೇಕಿತ್ತು.

ಆ ಪುಸ್ತಕ ಬರೆಯುವ ಕೆಲಸ ಬಿಲ್ಡ್‌ರೂಟ್ ತಾನೇ ಮಾಡಿಕೊಡುತ್ತದೆ, ನಾವು ಎಂದೂ ಕೇಳಿರಲಿಲ್ಲ. ಮೇಕ್ ಲೀಗಲ್-ಇನ್ಫೋ ಎಂಬ ಆದೇಶ ಕೊಟ್ಟರೆ ಇಮೇಜಿಗೆ ಸೇರಿದ ಪ್ರತಿ ಪ್ಯಾಕೇಜಿನ (ತಂತ್ರಾಂಶದ) ಹೆಸರು, ಆವೃತ್ತಿ, ಲೈಸೆನ್ಸ್ ಒಂದು ಪಟ್ಟಿಯಲ್ಲಿ ಬರುತ್ತದೆ. ಸೋರ್ಸ್ ಒಂದು ಫೋಲ್ಡರಿನಲ್ಲಿ, ಲೈಸೆನ್ಸ್ ಪಠ್ಯಗಳು ಇನ್ನೊಂದರಲ್ಲಿ. ಬಿಲ್ಡ್‌ರೂಟಿನಂಥದೇ ಇನ್ನೊಂದು ಉಪಕರಣವಾದ ಯೋಕ್ಟೊ ಬಳಸುವವರಿಗೂ ಇಂಥ ಸೌಲಭ್ಯವಿದೆ, ಜೊತೆಗೆ ಯಾವ ಲೈಸೆನ್ಸ್ ಒಳಗೆ ಬರಲೇಬಾರದು ಎಂದು ಮೊದಲೇ ಬರೆದಿಟ್ಟು ತಡೆಯಬಹುದು. ಆದರೆ ಯಂತ್ರ ಕೊಟ್ಟ ಪಟ್ಟಿಯನ್ನು ಕಣ್ಣುಮುಚ್ಚಿ ನಂಬಬಾರದು. ಪ್ಯಾಕೇಜಿನ ವಿವರದಲ್ಲಿ ಯಾರೋ ಬರೆದದ್ದನ್ನು ಅದು ಹೇಳುತ್ತದೆ, ನಾವು ಹೊರಗಿಂದ ತಂದು ಸೇರಿಸಿದ ಕೋಡಿನ ಸುದ್ದಿ ಅದಕ್ಕೆ ಗೊತ್ತಿರುವುದಿಲ್ಲ. ನಮ್ಮ ಪಟ್ಟಿಯಲ್ಲಿ ಐದು ಕಡೆ ಲೈಸೆನ್ಸ್ ಗೊತ್ತಿಲ್ಲ ಎಂದಿತ್ತು. ಐದನ್ನೂ ಕಡತ ತೆರೆದು, ಮೇಲಿನ ಟಿಪ್ಪಣಿ ಓದಿ, ಕೈಯಿಂದ ತುಂಬಿದೆ. ಹೊಸ ಕರ್ನಲ್ಲುಗಳಲ್ಲಿ ಈ ಕಷ್ಟ ಕಡಿಮೆ. 2017ರಿಂದ ಕಡತಗಳ ಮೊದಲ ಸಾಲಿನಲ್ಲೇ ಲೈಸೆನ್ಸ್ ಯಾವುದು ಎಂದು ಹೇಳುವ ಎಸ್‌ಪಿಡಿಎಕ್ಸ್ ಗುರುತು ಹಾಕತೊಡಗಿದ್ದಾರೆ.

ಇನ್ನೊಂದು ಕಟ್ಟಳೆ ಮಾಡಿಕೊಂಡೆವು. ಹೊರಗೆ ಹೋಗುವ ಪ್ರತಿ ಫರ್ಮ್‌ವೇರಿಗೂ (ಡಬ್ಬಿಗೆ ಹಾಕುವ ತಂತ್ರಾಂಶಕ್ಕೂ) ಅದರದೇ ಸೋರ್ಸಿನ ಕಟ್ಟು, ಅದೇ ದಿನ, ಅದೇ ನಂಬರಿನಲ್ಲಿ. ಹೋದ ವರ್ಷದ ಡಬ್ಬಿಗೆ ಈ ವರ್ಷದ ಸೋರ್ಸ್ ಕೊಟ್ಟರೆ ಕೊಟ್ಟಂತೆ ಅಲ್ಲ.

ಹುಡುಗಿ ರಜೆಯಲ್ಲಿ ನಮ್ಮ ಕೋಣೆಗೆ ಬಂದಳು. ಪೆನ್‌ಡ್ರೈವ್ ಕೈಗೆ ಕೊಟ್ಟು, ನಾವ್ಯಾರೂ ಬಾಯಿ ಹಾಕುವುದಿಲ್ಲ, ಒಳಗಿರುವ ಬರಹ ಓದಿ ನೀನೇ ಕಟ್ಟಬೇಕು ಎಂದೆವು. ಕಟ್ಟಿದವನೇ ಪರೀಕ್ಷೆ ಮಾಡಿದರೆ ತನ್ನ ಕಂಪ್ಯೂಟರಿನಲ್ಲಿ ಮೊದಲೇ ಇರುವುದೆಲ್ಲ ಅವನಿಗೆ ಕಾಣುವುದಿಲ್ಲ. ಮೊದಲ ಸಲ ಅರ್ಧಕ್ಕೆ ನಿಂತಿತು. ಒಂದು ಸ್ಕ್ರಿಪ್ಟಿನಲ್ಲಿ ನನ್ನ ಹೋಂ ಫೋಲ್ಡರಿನ ದಾರಿಯನ್ನೇ ಬರೆದಿದ್ದೆ. ತಿದ್ದಿದೆ. ಎರಡನೇ ಸಲ ಒಂದು ಸಣ್ಣ ಉಪಕರಣ ಅವಳ ಉಬುಂಟುವಿನಲ್ಲಿ ಇರಲಿಲ್ಲ, ಅದು ಬೇಕೆಂದು ನಮ್ಮ ಬರಹದಲ್ಲಿ ಇರಲಿಲ್ಲ. ಸೇರಿಸಿದೆ. ಮೂರನೇ ಸಲ ಸುಮಾರು ಎರಡು ತಾಸು ಫ್ಯಾನ್ ಗರಗರ ತಿರುಗಿತು. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು, ಲ್ಯಾಪ್‌ಟಾಪಿನ ಕೆಳಗೆ ಶಹಾಬಾದ್ ಕಲ್ಲಿನ ತಂಪು ಸಿಗಲಿ ಎಂದು ನೆಲದ ಮೇಲೇ ಇಟ್ಟಿದ್ದಳು. ಇಮೇಜ್ ಬಂತು. ತಮ್ಮ ಗೋದಾಮಿನ ಡಬ್ಬಿಗೇ ಹಾಕಿದಳು. ಪರದೆ ಮೇಲೆ ಲಿನಕ್ಸಿನ ಸಾಲಿನಲ್ಲಿ ಈ ಸಲ ಮೂಡಿದ್ದು ಅವಳ ಹೆಸರು.

ಡಬ್ಬಿಗೆ ಹೊಸ ಇಮೇಜ್ ಹಾಕುವ ದಾರಿ ತೆರೆದಿಡುವ ಬಗ್ಗೆಯೂ ನಮ್ಮೊಳಗೆ ಮಾತಾಗಿತ್ತು. ನಮ್ಮ ಸಹಿ ಇಲ್ಲದ ಇಮೇಜ್ ಒಪ್ಪದಂತೆ ಬೀಗ ಹಾಕಬೇಕೆಂದು ಪಾಲುದಾರ ಹೇಳುತ್ತಿದ್ದ. 2007ರಲ್ಲಿ ಬಂದ ಜಿಪಿಎಲ್ ಮೂರನೇ ಆವೃತ್ತಿ, ಮನೆಬಳಕೆಯ ಯಂತ್ರಗಳಲ್ಲಿ ತಿದ್ದಿದ ಕೋಡನ್ನು ಹಾಕಲು ಬೇಕಾದ ಕೀಲಿ, ವಿವರ ಎಲ್ಲ ಕೊಡಬೇಕು ಎಂದು ಬಿಡಿಸಿ ಹೇಳುತ್ತದೆ. ನಮ್ಮದು ಗೋದಾಮಿನ ಯಂತ್ರ, ನಮ್ಮ ಇಮೇಜಿನಲ್ಲಿ ಮೂರನೇ ಆವೃತ್ತಿಯ ಕೋಡೂ ಇಲ್ಲ. ಆದರೂ ನಾನು ಬೀಗಕ್ಕೆ ಒಪ್ಪಲಿಲ್ಲ. ಎರಡನೇ ಆವೃತ್ತಿಯಲ್ಲೂ ಇನ್‌ಸ್ಟಾಲ್ ಮಾಡುವ ಸ್ಕ್ರಿಪ್ಟ್ ಕೊಡಬೇಕು ಎಂದಿದೆ. ಹಾಕಲು ಬರದ ಡಬ್ಬಿಯ ಇನ್‌ಸ್ಟಾಲ್ ಸ್ಕ್ರಿಪ್ಟ್ ಕೊಟ್ಟು ಏನು ಬಂತು? ಮೊಬೈಲ್ ಜಾಲದ ಕಡೆಯಿಂದ ಯಾರೂ ಒಳಗೆ ಬಾರದಂತೆ ಬಿಗಿ ಮಾಡಿದೆವು. ಡಬ್ಬಿ ಕೈಯಲ್ಲಿ ಹಿಡಿದವರಿಗೆ ಮುಚ್ಚಳ ತೆಗೆದು ಪಿನ್ನಿಗೆ ವೈರು ಹಾಕುವ ದಾರಿ ಹಾಗೇ ಉಳಿಸಿದೆವು.

ಉಳಿದದ್ದು ಆ ಬರವಣಿಗೆಯ ಮಾತು. ಡಬ್ಬಿಗೆ ಪರದೆ ಇಲ್ಲ, ಹಾಗಾಗಿ ಒಂದು ಚೀಟಿ ಮುದ್ರಿಸಿದೆವು. ಲೈಸೆನ್ಸುಗಳ ಮೂಲ ಇಂಗ್ಲಿಷ್ ಪಠ್ಯ ಒಂದಕ್ಷರ ಬದಲಿಸದೆ ಪೆನ್‌ಡ್ರೈವಿನಲ್ಲೂ ಡಬ್ಬಿಯೊಳಗಿನ ವೆಬ್ ಪುಟದಲ್ಲೂ ಇದೆ. ಆದರೆ ಮಾತು ಕೊಡುವುದು ಕೊಂಡವರಿಗೆ ತಿಳಿಯುವ ಭಾಷೆಯಲ್ಲಿ ಇರಬೇಕು ಎಂದು ನನಗೆ ಅನಿಸಿತು. ಏಳೆಂಟು ಸಲ ಬರೆದು ಹರಿದ ಮೇಲೆ ಇಷ್ಟು ಉಳಿಯಿತು:

‘ಈ ಯಂತ್ರದೊಳಗೆ ಬೇರೆಯವರು ಬರೆದು, ಎಲ್ಲರಿಗೂ ಬಳಸಲು, ತಿದ್ದಲು, ಹಂಚಲು ಬಿಟ್ಟುಕೊಟ್ಟ ತಂತ್ರಾಂಶಗಳಿವೆ. ಅವುಗಳ ಮೂಲ ಕೋಡ್ ಮತ್ತು ಅದನ್ನು ಮತ್ತೆ ಕಟ್ಟಿ ಈ ಯಂತ್ರಕ್ಕೆ ಹಾಕುವ ವಿಧಾನ ಜೊತೆಗಿರುವ ಪೆನ್‌ಡ್ರೈವಿನಲ್ಲಿದೆ. ಅದು ಕಳೆದರೆ, ಕೆಟ್ಟರೆ, ಅಥವಾ ನೀವು ಇದನ್ನು ಬೇರೆಯವರಿಂದ ಕೊಂಡಿದ್ದರೆ, ನಾವು ಈ ಮಾದರಿ ಮಾರುವುದು ನಿಲ್ಲಿಸಿದ ದಿನದಿಂದ ಮೂರು ವರ್ಷದವರೆಗೆ, ಯಾರು ಕೇಳಿದರೂ, ಪ್ರತಿ ಮಾಡಿ ಕಳಿಸುವ ಖರ್ಚಷ್ಟೇ ಪಡೆದು ಕೊಡುತ್ತೇವೆ.’

ಇದನ್ನು ಓದಿದ ಮುನೀಮರು ಚೀಟಿಯನ್ನು ಮಡಚಿ ಮಿಲ್ಲಿನ ಕರೆಂಟ್ ಬಿಲ್ಲುಗಳ ಫೈಲಿನಲ್ಲಿ ಹಾಕಿಟ್ಟರು. ಅವರ ಮಟ್ಟಿಗೆ ಅದು ಜೋಪಾನವಾಗಿ ಇಡಬೇಕಾದ ಕಾಗದ.

ಮಳೆಗಾಲದಲ್ಲಿ ಹುಡುಗಿಯಿಂದ ಒಂದು ಪ್ಯಾಚ್ (ಕೋಡಿನ ತಿದ್ದುಪಡಿ) ಬಂತು. ನಮ್ಮ ಡಬ್ಬಿಗೆ ಸ್ವಂತ ಗಡಿಯಾರ ಇರಲಿಲ್ಲ. ಕರೆಂಟ್ ಹೋಗಿ ಬಂದಾಗ ಸಿಗ್ನಲ್ ಇಲ್ಲದಿದ್ದರೆ, ಸಿಗುವ ತನಕ ಎಲ್ಲ ಅಳತೆಯೂ 1970ರ ಜನವರಿ 1 ಎಂದು ದಾಖಲಾಗುತ್ತಿತ್ತು. ನಮಗೆ ಗೊತ್ತಿತ್ತು, ಮಾಡೋಣ ಮಾಡೋಣ ಎಂದು ಮುಂದೂಡುತ್ತಿದ್ದೆವು. ಅವಳು ಡಿಎಸ್3231 ಎಂಬ ಬ್ಯಾಟರಿ ಗಡಿಯಾರದ ಸಣ್ಣ ಬೋರ್ಡನ್ನು ಬೆಸುಗೆ ಹಾಕಿ ಜೋಡಿಸಿದ್ದಳು. ಕರ್ನಲ್ಲಿನಲ್ಲಿ ಅದರ ಡ್ರೈವರ್ ಮೊದಲಿನಿಂದಲೂ ಇತ್ತು, ಆನ್ ಮಾಡಿರಲಿಲ್ಲ ಅಷ್ಟೇ. ಅದನ್ನು ಆನ್ ಮಾಡಿ, ಡಿವೈಸ್ ಟ್ರೀಗೆ ಆರು ಸಾಲು ಸೇರಿಸಿದ್ದಳು. ನಮಗೆ ಕಳಿಸಬೇಕೆಂಬ ಕಟ್ಟು ಅವಳಿಗೆ ಇರಲಿಲ್ಲ. ‘ಕಾಕಾ, ಬಾಕಿ ಗೋದಾಮಿನವ್ರಿಗೂ ಆಗ್ತದ ನೋಡ್ರಿ’ ಎಂದು ಬರೆದಿದ್ದಳು. ಈಗ ಎಲ್ಲ ಹೊಸ ಡಬ್ಬಿಯಲ್ಲೂ ಆ ಗಡಿಯಾರ ಇದೆ. ಆ ಆರು ಸಾಲಿನ ಮೇಲೆ ಅವಳ ಹೆಸರು ಹಾಕಿದ್ದೇವೆ, ಪೆನ್‌ಡ್ರೈವಿನಲ್ಲಿ ಅದೂ ಹೋಗುತ್ತದೆ.

ಹಳೆ ಡಬ್ಬಿಗಳನ್ನು ಒಂದೊಂದಾಗಿ ಬದಲಿಸುತ್ತಿದ್ದೇವೆ. ಊರಿಗೆ ಹೋಗಿ, ಚಿಪ್ ಬದಲಿಸಿ, ಹೊಸ ಇಮೇಜ್ ಹಾಕಿ, ಪೆನ್‌ಡ್ರೈವ್, ಚೀಟಿ ಕೈಗೆ ಕೊಟ್ಟು, ಈ ತನಕ ಇದನ್ನು ಕೊಡದಿದ್ದದ್ದು ನಮ್ಮ ತಪ್ಪು ಎಂದು ಹೇಳಿ ಬರುತ್ತೇವೆ. ಭಾಲ್ಕಿ, ಹುಮನಾಬಾದ್ ಮುಗಿದವು. ಸೇಡಂ, ಚಿತ್ತಾಪುರ ಮುಗಿದವು. ಯಾದಗಿರಿ ಕಡೆ ಏಳು ಉಳಿದಿವೆ. ಸೋಮವಾರ ಸುರಪುರದ ಬಸ್ಸು ಹಿಡಿಯಬೇಕು, ಬ್ಯಾಗಿನಲ್ಲಿ ಏಳು ಚಿಪ್ಪು, ಏಳು ಪೆನ್‌ಡ್ರೈವ್ ಎಣಿಸಿ ಇಟ್ಟಿದ್ದೇನೆ.